ವಾರ್ಡರ್ ಕೂತ ಬೆಂಚು

ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವರು ಇನ್ನೂ ವಾರ್ಡರ್ ಸಾಹೇಬರೇ. ಮೂವತ್ತೊಂದು ವರ್ಷ ಜೈಲಿನ ಗೇಟು ಕಾದ ಮನುಷ್ಯ. ಸಮವಸ್ತ್ರ ಸರ್ಕಾರಕ್ಕೆ ವಾಪಸ್ ಹೋಯಿತು, ಗತ್ತು ಮಾತ್ರ ಮನೆಗೆ ಬಂತು. ಊಟಕ್ಕೆ ಕೂತರೆ ಮೊದಲು ತಲೆ ಎಣಿಸುವರು. ತಾಯಿ, ಹೆಂಡತಿ, ಮಗ, ಮಗಳು. ನಾಲ್ಕಿದ್ದರೆ ತಟ್ಟೆಗೆ ಕೈ. ಮೂರಿದ್ದರೆ ಬೀದಿಗೆಲ್ಲ ಕೇಳುವಂತೆ "ಇನ್ನೊಬ್ಬರೆಲ್ಲಿ?"

ಆ ಸಂಜೆ ನಾಲ್ಕೂ ಸರಿಯಿತ್ತು. ಬೇಳೆ ಬಡಿಸಿಕೊಳ್ಳುತ್ತಾ ಮಗಳು, "ಅಪ್ಪ, ನನಗೆ ಕೆಲಸ ಸಿಕ್ತು" ಎಂದಳು.

"ಒಳ್ಳೇದಾಯ್ತು. ಯಾವ ಆಸ್ಪತ್ರೆ?"

ಮಗಳು ಸಮಾಜಕಾರ್ಯ ಓದುತ್ತೇನೆ ಎಂದಾಗ, ಅದು ರೋಗಿಗಳಿಗೆ ಧೈರ್ಯ ಹೇಳುವ ಓದು ಎಂದು ವಾರ್ಡರ್ ತಿಳಿದಿದ್ದರು. ಎರಡು ವರ್ಷ ಫೀಸು ಕಟ್ಟುವಾಗಲೂ ಅದನ್ನೇ ತಿಳಿದಿದ್ದರು.

"ಆಸ್ಪತ್ರೆ ಅಲ್ಲ ಅಪ್ಪ. ಪ್ರೊಬೇಷನ್ ಆಫೀಸು. ಮೂರು ವಾರ ತರಬೇತಿ, ಆಮೇಲೆ ಖಾಯಂ."

ವಾರ್ಡರ್ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ ಹೋಯಿತು. ಆ ಆಫೀಸು ಅವರಿಗೆ ಗೊತ್ತಿಲ್ಲದ್ದೇನಲ್ಲ. ಜೈಲಿನಿಂದ ಬಿಡುಗಡೆಯಾದವರು, ಜೈಲಿಗೆ ಹಾಕುವ ಬದಲು ಕೋರ್ಟು ಎಚ್ಚರಿಕೆ ಕೊಟ್ಟು ಕಳಿಸಿದವರು, ಹದಿನೈದು ದಿನಕ್ಕೊಮ್ಮೆ ಬಂದು ಸಹಿ ಹಾಕುವ ಜಾಗ. ಅಲ್ಲಿ ಕೆಲಸ ಮಾಡುವವರು ಅಂಥವರ ಮನೆಗೆ ಹೋಗಿ ನೋಡಬೇಕು, ಅವರಿಗೊಂದು ದುಡಿಮೆ ಹುಡುಕಬೇಕು, ನೆಟ್ಟಗಿದ್ದಾರೋ ಇಲ್ಲವೋ ಎಂದು ಕೋರ್ಟಿಗೆ ಬರೆಯಬೇಕು.

"ಮೂವತ್ತೊಂದು ವರ್ಷ ಆ ಗಾಳಿ ನಾನು ಕುಡಿದಿದ್ದು ಸಾಲದಾ? ನೀನೂ ಕುಡಿಬೇಕಾ?"

"ನೀವು ಅವರನ್ನ ಒಳಗೆ ನೋಡಿದ್ರಿ. ನಾನು ಹೊರಗೆ ನೋಡ್ತೀನಿ."

"ಹೊರಗೆ ಏನಿದೆ ನೋಡೋಕೆ? ಇವತ್ತು ಬಿಟ್ರೆ ಬರೋ ತಿಂಗಳು ವಾಪಸ್. ಹೋಗುವಾಗ ಇಸ್ಕೊಂಡ ಕಂಬಳಿನ ಅದೇ ಕೈಗೆ ವಾಪಸ್ ಕೊಟ್ಟಿದೀನಿ ನಾನು."

"ಯಾಕೆ ವಾಪಸ್ ಬಂದೆ ಅಂತ ಕೇಳಿದ್ರಾ?"

"ಕೇಳೋದು ನನ್ನ ಕೆಲಸ ಅಲ್ಲ. ಗೇಟು ಹಾಕೋದು ನನ್ನ ಕೆಲಸ!"

"ಅದಕ್ಕೇ ಕೇಳೋ ಕೆಲಸ ನಾನು ಹಿಡಿದೆ."

ಅಮ್ಮ ನಡುವೆ ಬಂದು, "ಮೊದಲು ಊಟ ಮುಗಿಸಿ, ಆಮೇಲೆ ಕಿತ್ತಾಡಿ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಾರ್ಡರ್ ಎದ್ದು ನಿಂತು, ಬೆರಳು ಬಾಗಿಲ ಕಡೆ ತೋರಿಸಿ, ಬಾಯಿಗೆ ಬಂದದ್ದನ್ನು ಅಂದೇಬಿಟ್ಟರು. "ಆ ಕೆಲಸಕ್ಕೆ ಹೋಗೋಳಿಗೆ ನಾನು ತಂದು ಹಾಕೋ ಅನ್ನ ಇಲ್ಲ!"

ಇಂಥ ಮಾತು ಯಾವ ಮನೆಯಲ್ಲಿ ಬರುವುದಿಲ್ಲ ಹೇಳಿ. ಬೇರೆ ಮನೆಯ ಮಗಳಾಗಿದ್ದರೆ ಒಂದು ಗಂಟೆ ಅತ್ತು, ಬೆಳಿಗ್ಗೆ ತಿಂಡಿಗೆ ಕೂರುತ್ತಿದ್ದಳು. ಆದರೆ ಇವಳು ಅಪ್ಪನದೇ ಅಚ್ಚು. ಅದೇ ದವಡೆ, ಅದೇ ಹಟ. ಅಪ್ಪ ಕೋಪದಲ್ಲಿ ಅಂದದ್ದನ್ನು ಮಗಳು ಆಜ್ಞೆಯೆಂದು ತೆಗೆದುಕೊಂಡಳು. ಮರುದಿನ ಒಂದು ಪುಟ್ಟ ಪಾತ್ರೆ, ಒಂದು ಕಿಲೋ ಅಕ್ಕಿ, ನಾಲ್ಕು ಮೊಟ್ಟೆ ತಂದು, ಒಲೆಯ ಎಡಗಡೆ ಬರ್ನರ್‌ನಲ್ಲಿ ತನ್ನ ಅಡುಗೆ ತಾನು ಮಾಡಿಕೊಂಡಳು. ಅಪ್ಪ ಅಂದದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಜೈಲಿನಲ್ಲಿ ಕೊಟ್ಟ ಆರ್ಡರನ್ನು ಕೊಟ್ಟವರೇ ರದ್ದು ಮಾಡಿದ ರೂಢಿ ಇರಲಿಲ್ಲ.

ಹೀಗೆ ಒಂದೇ ಸೂರಿನಡಿ, ಒಂದೇ ಒಲೆಯ ಮೇಲೆ, ಎರಡು ಮನೆ ನಡೆಯತೊಡಗಿತು.

ಮೊದಲ ವಾರ ಅದೊಂದು ತಮಾಷೆಯಂತೆಯೇ ಇತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಕೈಗೆ ಹತ್ತಿದ ಗ್ರೀಸು ತೊಳೆದು ಬಂದು, ಎರಡೂ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಇವತ್ತು ಯಾವ ಹೋಟೆಲ್ ಚೆನ್ನಾಗಿದೆ?" ಎಂದು ಕೇಳುವನು.

"ಬಾಯಿ ಮುಚ್ಚಿಕೊಂಡು ತಿನ್ನೋ" ಎಂದು ವಾರ್ಡರ್.

ಅಜ್ಜಿಗಂತೂ ಹಬ್ಬ. ಎಂಬತ್ತು ದಾಟಿದರೂ ನಾಲಿಗೆ ಚುರುಕಾಗಿತ್ತು. ಮಗನ ಪಕ್ಕ ಕೂತು ಒಂದು ಸುತ್ತು ಮುಗಿಸಿ, ಕೋಲೂರಿಕೊಂಡು ಅಡುಗೆಮನೆಗೆ ಹೋಗಿ ಮೊಮ್ಮಗಳ ತಟ್ಟೆಯಿಂದ ಅರ್ಧ ಮೊಟ್ಟೆ ಹೊಡೆಯುವಳು.

"ಅವ್ವ, ನೀನು ಯಾರ ಕಡೆ?" ಎಂದು ವಾರ್ಡರ್ ಗದರಿದರೆ, "ನಾನು ಊಟದ ಕಡೆ ಕಣೋ. ಹಲ್ಲಿಲ್ಲದೋಳಿಗೆ ಪಕ್ಷ ಯಾಕೆ?" ಎನ್ನುವಳು.

ಎರಡನೇ ವಾರಕ್ಕೆ ತಮಾಷೆ ಹಳಸಿತು. ಅಪ್ಪ ಮಗಳು ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಅಮ್ಮನ ಮೂಲಕವೇ ಹೇಳುವರು.

"ಸ್ನಾನದ ಮನೆ ಬಲ್ಬು ಹೋಗಿದೆ ಅಂತ ಹೇಳು ಅವಳಿಗೆ, ಜಾರಿ ಬಿದ್ದಾಳು."

"ಹೊಸ ಬಲ್ಬು ಹಾಕಿದೀನಿ ಅಂತ ಹೇಳಮ್ಮ ಅಪ್ಪಂಗೆ."

ಮೂವರೂ ಒಂದೇ ಕೋಣೆಯಲ್ಲಿ ಒಂದು ಮಾರು ದೂರದಲ್ಲಿ ನಿಂತಿರುತ್ತಿದ್ದರು. ಅಮ್ಮ ಕೈಯಲ್ಲಿದ್ದ ಬಟ್ಟೆಯ ರಾಶಿಯನ್ನು ದೊಪ್ಪನೆ ನೆಲಕ್ಕೆ ಹಾಕಿ, "ನಾನೇನು ಟೆಲಿಫೋನಾ?" ಎಂದು ಕೂಗಿದಳು.

ಮಗಳು ಸಂಜೆ ಬರುವಾಗ ಚಪ್ಪಲಿಗೆಲ್ಲ ಯಾವ ಯಾವುದೋ ಬೀದಿಯ ಕೆಸರು. ಬಾಗಿಲಲ್ಲಿ ಕೂತು ಅದನ್ನು ಕಡ್ಡಿಯಿಂದ ಕೆರೆಯುವಾಗ ವಾರ್ಡರ್ ಪೇಪರ್ ಅಡ್ಡ ಹಿಡಿದುಕೊಂಡು ನೋಡುತ್ತಿದ್ದರು. ಹುಡುಗಿ ಸೊರಗಿದ್ದಾಳೆ ಅನಿಸುತ್ತಿತ್ತು. ದಿನಾ ಮೊಟ್ಟೆ ಅನ್ನ ತಿಂದರೆ ಸೊರಗದೆ ಇನ್ನೇನು? ಬಾಯಿಬಿಟ್ಟು ಕೇಳಲು ಹಟ ಬಿಡುತ್ತಿರಲಿಲ್ಲ. ಸುಮ್ಮನೆ ಕೂರುವ ಜಾಯಮಾನದವರೂ ಅಲ್ಲ. ನೀರಿನ ಆಫೀಸಿನಲ್ಲಿ ಹಳೇ ಗೆಳೆಯರೊಬ್ಬರಿದ್ದರು. ಅವರನ್ನು ಹಿಡಿದು, ಮಗಳಿಗೊಂದು ಗುಮಾಸ್ತೆಯ ಕೆಲಸಕ್ಕೆ ಮಾತಾಡಿ ಬಂದರು. ಫ್ಯಾನಿನ ಕೆಳಗೆ ಕುರ್ಚಿ, ಸಂಜೆ ಐದಕ್ಕೆ ಮನೆ. ಅದನ್ನೂ ಹೆಂಡತಿಯ ಕೈಲೇ ಹೇಳಿಸಿದರು. ಮಗಳು ತನ್ನ ಪಾತ್ರೆ ತೊಳೆದಿಟ್ಟು ಹೋದಳು.

ಮೂರನೇ ವಾರ ಅಮ್ಮ ಸಂಜೆಯ ಊಟ ಬಿಟ್ಟಳು.

ಎಲ್ಲರಿಗೂ ಬಡಿಸಿ, ಒಲೆ ಒರೆಸಿ, ಹೋಗಿ ಮಲಗಿಬಿಡುವಳು. ಮೊದಲ ದಿನ ತಲೆನೋವೆಂದಳು, ಎರಡನೇ ದಿನ ಹಸಿವಿಲ್ಲವೆಂದಳು. ಮೂರನೇ ದಿನ ವಾರ್ಡರ್ ಬಿಡಲಿಲ್ಲ.

"ಏನಾಗಿದೆ ನಿನಗೆ? ಡಾಕ್ಟರ್ ಹತ್ರ ಹೋಗೋಣ್ವಾ?"

"ಡಾಕ್ಟರ್ ಏನು ಮಾಡ್ತಾರೆ? ನಿಮ್ಮ ಪಾತ್ರೆಯಿಂದ ಹಾಕ್ಕೊಂಡ್ರೆ ಅವಳು ನೋಡ್ತಾಳೆ. ಅವಳ ಪಾತ್ರೆಯಿಂದ ಹಾಕ್ಕೊಂಡ್ರೆ ನೀವು ನೋಡ್ತೀರ. ಗಂಟಲಲ್ಲಿ ಇಳಿಯಲ್ಲ ರೀ. ಯಾವತ್ತು ಒಂದೇ ಪಾತ್ರೆಯಲ್ಲಿ ಅಡುಗೆ ಆಗುತ್ತೋ, ಅವತ್ತು ಎಬ್ಬಿಸಿ."

ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹಟ ಮಾಡಿದ್ದನ್ನು ವಾರ್ಡರ್ ನೋಡಿರಲಿಲ್ಲ. ಗಾಬರಿಯಾದರು. ಗಾಬರಿಯಾದಾಗ ಗಂಡಸರು ಮಾಡುವ ಕೆಲಸವನ್ನೇ ಮಾಡಿದರು, ಅಂದರೆ ಯಾರಿಗೂ ಹೇಳದೆ ಒಂದು ಉಪಾಯ ಹೂಡಿದರು. ಮಗಳಂತೂ ಬಗ್ಗುವವಳಲ್ಲ. ನೇರವಾಗಿ ಅವಳ ಆಫೀಸರನ್ನೇ ಕಂಡು, 'ನಮ್ಮ ಹುಡುಗಿಯ ಹೆಸರು ಹೊಡೆದುಹಾಕಿ' ಎಂದು ಕೈಮುಗಿದು ಬಂದುಬಿಡುವುದು. ಅವಳಿಗೆ ಗೊತ್ತಾಗುವುದೇ ಬೇಡ. ಆ ದಿನ ಅವಳು ಬಿಡುಗಡೆಯಾದವರ ಮನೆಗಳನ್ನು ನೋಡಲು ಹೊರಗೆ ಹೋಗಿರುತ್ತಾಳೆ ಎಂದು ಮಗನಿಂದ ವಿಚಾರಿಸಿಕೊಂಡರು. ಇಸ್ತ್ರಿ ಅಂಗಿ ತೊಟ್ಟು ಹೊರಟರು.

ಹಳೇ ಕಟ್ಟಡದ ಮೊದಲ ಮಹಡಿ. ಉದ್ದನೆ ಮೊಗಸಾಲೆ, ಗೋಡೆಗಂಟಿ ಒಂದು ಬೆಂಚು, ಬೆಂಚಿನ ತುಂಬ ಜನ. ಕಿಟಕಿಯ ಹಿಂದೆ ಕೂತಿದ್ದ ಜವಾನ ತಲೆ ಎತ್ತದೆ, "ಸೈನ್ ಹಾಕೋಕಾ?" ಎಂದ.

"ಆಫೀಸರ್ ನೋಡಬೇಕು."

"ಎಲ್ಲರೂ ಅದಕ್ಕೇ ಬರೋದು. ಹೆಸರು ಹೇಳು."

ಹೆಸರು ಹೇಳಿದರೆ ಮಗಳಿಗೆ ಗೊತ್ತಾಗುತ್ತದಲ್ಲ! ವಾರ್ಡರ್ ತಡವರಿಸಿದರು. ಜವಾನನಿಗೆ ಇದೇನು ಹೊಸದಲ್ಲ. ಮೊದಲ ಸಲ ಬಂದವರು ಹೆಸರು ಹೇಳಲು ನಾಚಿಕೊಳ್ಳುವುದನ್ನು ದಿನಾ ನೋಡುವವನು. ದನಿ ತಗ್ಗಿಸಿ, "ಆಗಲಿ ಬಿಡು, ಒಳಗೆ ಹೇಳುವಿಯಂತೆ. ಹೆದರಬೇಡ" ಎಂದು ಹದಿನೇಳು ಎಂದು ಬರೆದ ತಗಡಿನ ಬಿಲ್ಲೆಯೊಂದನ್ನು ಚಾಚಿದ. "ಬೆಂಚ್ ಮೇಲೆ ಕೂತ್ಕೊ."

ತಾನು ಯಾರೆಂದು ಅಲ್ಲೇ ಗುಡುಗಬಹುದಿತ್ತು. ಆದರೆ ಮೂವತ್ತೊಂದು ವರ್ಷ ಸಾಲು, ನಂಬರು, ಸರದಿ ಎಂದು ಬದುಕಿದ ಜೀವ. ಕೈಗೆ ಬಿಲ್ಲೆ ಬಂದ ಕೂಡಲೇ ಕಾಲು ತಾನಾಗಿ ಬೆಂಚಿನ ಕಡೆ ನಡೆಯಿತು. ಕೂತ ಮೇಲೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಜೈಲಿನಲ್ಲಿ ಇಂಥ ಬೆಂಚಿನ ಮುಂದೆ ಲಾಠಿ ಹಿಡಿದು ನಿಂತದ್ದುಂಟು, ಕೂತದ್ದು ಇದೇ ಮೊದಲು. ಬೆಂಚು ಬಲು ಗಟ್ಟಿ.

"ಅಯ್ಯೋ! ವಾರ್ಡರ್ ಸಾರ್!"

ಇಪ್ಪತ್ತರ ಬಿಲ್ಲೆ ಹಿಡಿದು ಆಗತಾನೇ ಪಕ್ಕಕ್ಕೆ ಬಂದು ಕೂತವನು ಕೈಮುಗಿದ. ಬಟ್ಟೆಗೆಲ್ಲ ಸುಣ್ಣ ಬಣ್ಣದ ಚುಕ್ಕಿ. ವಾರ್ಡರಿಗೆ ಗುರುತು ಸಿಕ್ಕಿತು. ಗಡಿಯಾರ. ಕೈಗೆ ವಾಚಿಲ್ಲದೆ, ಬಿಸಿಲು ಕಾಣದ ಕೋಣೆಯಲ್ಲಿದ್ದುಕೊಂಡೇ ಗಂಟೆ ಹೇಳುತ್ತಿದ್ದವನು. ಅದಕ್ಕೇ ಒಳಗಿನವರೆಲ್ಲ ಗಡಿಯಾರ ಎನ್ನುತ್ತಿದ್ದರು.

ಗಡಿಯಾರ ಇವರ ಕೈಯಲ್ಲಿದ್ದ ಬಿಲ್ಲೆ ನೋಡಿದ, ಮುಖ ನೋಡಿದ. ಹತ್ತಿರ ಸರಿದು ಪಿಸುಗುಟ್ಟಿದ. "ಯಾವ ಕೇಸು ಸಾರ್?"

"ಏಯ್! ಕೇಸೂ ಇಲ್ಲ ಗೀಸೂ ಇಲ್ಲ!"

"ಮೊದಮೊದಲು ನಾನೂ ಹಂಗೇ ಅಂತಿದ್ದೆ ಸಾರ್" ಎಂದು ಗಡಿಯಾರ ಮರುಕದಿಂದ ತಲೆ ಆಡಿಸಿದ. ಚೀಲದಿಂದ ಬ್ರೆಡ್ ತೆಗೆದು ಅರ್ಧ ಮುರಿದು ಕೊಟ್ಟ. "ತಿನ್ನಿ. ಹದಿನೇಳು ಅಂದ್ರೆ ಇನ್ನೂ ಒಂದೂವರೆ ಗಂಟೆ. ಒಳಗೆ ಹೋಗೋಕೆ ಹೆದರ್ಕೋಬೇಡಿ. ಇಲ್ಲೊಬ್ರು ಹುಡುಗಿ ಮೇಡಂ ಬಂದಿದಾರೆ. ಯಾರು ಬಂದ್ರೂ ಹದಿನೈದು ನಿಮಿಷ ಕೂರಿಸಿ ಕೇಳ್ತಾರೆ."

ವಾರ್ಡರ್ ತಟ್ಟನೆ ಬಾಗಿಲ ಕಡೆ ತಿರುಗಿದರು. "ಅವರು ಇವತ್ತು ಹೊರಗೆ ಹೋಗಿಲ್ವಾ?"

"ಎಲ್ಲಿ ಸಾರ್, ಒಳಗೇ ಇದಾರೆ. ನಮ್ಮನೆಗೂ ಬಂದಿದ್ರು. ಕೂರೋಕೆ ಕುರ್ಚಿ ಇಲ್ಲ ಅಂತ ನನ್ನ ಹೆಂಡ್ತಿ ಸಂಕೋಚ ಪಟ್ರೆ, ಬಕೆಟ್ ಬೋರಲು ಹಾಕಿ ಕೂತ್ಬಿಟ್ರು. ನನಗೆ ಬಣ್ಣದ ಕೆಲಸ ಕೊಡ್ಸಿದ್ದೂ ಅವರೇ. ಆ ಕಂಟ್ರಾಕ್ಟರ್ ಬಾಗಿಲಿಗೆ ನಾಲ್ಕು ಸಲ ಹೋಗಿದಾರೆ ಸಾರ್. ಮೂರು ಸಲ ಅವನು ಇಲ್ಲ ಅನ್ನಿಸಿ ಕಳಿಸ್ದ. ನಾಲ್ಕನೇ ಸಲ ಅವನ ಬಾಗಿಲಲ್ಲೇ ಕೂತ್ರಂತೆ, ಸಂಜೆವರೆಗೂ. ಎಂಥಾ ಹಟ ಅಂತೀರಿ!"

ವಾರ್ಡರ್ ಬ್ರೆಡ್ ಅಗಿಯುವುದನ್ನು ನಿಲ್ಲಿಸಿದರು. ಆ ಹಟ ಎಲ್ಲಿಂದ ಬಂತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

"ನಮ್ಮ ಹಣೆಬರಹ ನೋಡಿ, ಇವತ್ತು ಬಿಟ್ಟು ಹೋಗ್ತಿದಾರೆ. ಬೆಳಿಗ್ಗೆ ರಾಜೀನಾಮೆ ಕೊಟ್ರು ಅಂತ ಜವಾನ ಹೇಳ್ದ. ಅವರಪ್ಪ ಯಾರೋ ಬಲು ಕಲ್ಲು ಮನುಷ್ಯ ಅಂತೆ ಸಾರ್. ಮಗಳಿಗೆ ಅನ್ನನೇ ಹಾಕಲ್ವಂತೆ. ಅಂಥೋರೂ ಇರ್ತಾರಾ?"

ವಾರ್ಡರ್ ಉಳಿದ ಬ್ರೆಡ್ಡನ್ನು ತೊಡೆಯ ಮೇಲಿಟ್ಟರು. ಅವರ ಮುಖ ನೋಡಿ ಗಡಿಯಾರ ನೀರಿನ ಬಾಟಲಿ ಕೊಟ್ಟ.

ಬಾಗಿಲು ತೆರೆಯಿತು. ಮಗಳು ಹೊರಗೆ ಬಂದು, ಕೈಯಲ್ಲಿದ್ದ ಪಟ್ಟಿ ನೋಡಿ ಹೆಸರು ಹಿಡಿದು ಕರೆದಳು. ಮುದುಕಿಯೊಬ್ಬಳು ಎದ್ದಳು. ಮಗಳು ಅವಳ ಮೊಣಕೈ ಹಿಡಿದು ಒಳಗೆ ಕರೆದೊಯ್ದಳು. ವಾರ್ಡರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕೂತರು. ಎದ್ದು ಹೋಗಿಬಿಡಬಹುದಿತ್ತು. ಬಂದ ಕೆಲಸ ಆಗಲೇ ಆಗಿತ್ತಲ್ಲ! ಅವರು ಏಳಲಿಲ್ಲ. ಒಬ್ಬೊಬ್ಬರನ್ನೂ ಅವಳು ಬಾಗಿಲಿಗೆ ಬಂದು ಹೆಸರಿನಿಂದಲೇ ಕರೆದಳು. ಒಬ್ಬನನ್ನು ಊಟ ಆಯಿತೇ ಎಂದು ಕೇಳಿದಳು, ಇನ್ನೊಬ್ಬಳನ್ನು ಮಗುವಿನ ಜ್ವರ ಇಳಿಯಿತೇ ಎಂದು ಕೇಳಿದಳು. ಹದಿನೇಳರ ಮುಂದೆ ಮಾತ್ರ ಹೆಸರು ಖಾಲಿಯಿತ್ತು.

"ಹದಿನೇಳು ಯಾರು? ಬನ್ನಿ."

ವಾರ್ಡರ್ ಎದ್ದರು. ಮಗಳು ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆಂಚಿನವರೆಲ್ಲ ನೋಡುತ್ತಿದ್ದರು. "ಒಳಗೆ ಬನ್ನಿ. ಕೂತ್ಕೊಳ್ಳಿ" ಎಂದಳು, ಎಲ್ಲರಿಗೂ ಅಂದಂತೆಯೇ.

ಸಣ್ಣ ಕೋಣೆ. ಒಂದು ಮೇಜು, ಎರಡು ಕುರ್ಚಿ. ಅವಳೇ ಬಾಗಿಲು ಹಾಕಿದಳು, ಲೋಟಕ್ಕೆ ನೀರು ಬಗ್ಗಿಸಿ ಮುಂದಿಟ್ಟಳು.

"ನನ್ನ ಹೆಸರು ಹೊಡೆಸೋಕೆ ಬಂದ್ರಾ ಅಪ್ಪ?"

"ಹೂಂ."

"ಇಷ್ಟು ದೂರ ಬರಬೇಕಿರ್ಲಿಲ್ಲ. ಬೆಳಿಗ್ಗೆನೇ ಬರೆದುಕೊಟ್ಟೆ. ಅಮ್ಮ ಹಿಂಗೆ ಹೊಟ್ಟೆಗಿಲ್ಲದೆ ಮಲಗೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಸೋಮವಾರದಿಂದ ನೀರಿನ ಆಫೀಸಿಗೆ ಹೋಗ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾರ್ಡರ್ ತಡೆದುಕೊಳ್ಳುತ್ತಿದ್ದರು. ಗೆದ್ದಿದ್ದರು. ಈಗ ಎದ್ದು ಮನೆಗೆ ಹೋಗಬೇಕು, ಹೆಂಡತಿಯನ್ನು ಊಟಕ್ಕೆ ಎಬ್ಬಿಸಬೇಕು, ಅಷ್ಟೇ ಉಳಿದದ್ದು. ಅವರು ಕೂತೇ ಇದ್ದರು.

"ಹದಿನೈದು ನಿಮಿಷ ಅಂತೆ ಒಬ್ಬೊಬ್ಬರಿಗೆ. ಇನ್ನೆಷ್ಟಿದೆ?"

ಮಗಳು ಗೋಡೆಯ ಕಡೆ ನೋಡಿ, "ಹನ್ನೆರಡು" ಎಂದಳು.

"ಹಾಗಿದ್ರೆ ಒಂದು ವಿಷಯ ಹೇಳ್ತೀನಿ. ಯಾರಿಗೂ ಹೇಳಿಲ್ಲ, ನಿಮ್ಮಮ್ಮಂಗೂ. ಬರ್ಕೋಬೇಡ."

ಮಗಳು ಪೆನ್ನು ಕೆಳಗಿಟ್ಟಳು.

"ಒಬ್ಬನಿದ್ದ. ಎಂಟು ವರ್ಷ ಇದ್ದ ನಮ್ಮಲ್ಲಿ. ಬಿಡುಗಡೆ ದಿನ ಬೆಳಿಗ್ಗೆ ಗಂಟು ಹಿಡ್ಕೊಂಡು ಗೇಟಿಗೆ ಬಂದ. ಹೋಗೋರು ಅಭ್ಯಾಸದ ಮೇಲೆ 'ಬರ್ತೀನಿ ಸಾರ್' ಅಂತಿದ್ರು. ನಾವು ಗದರ್ತಿದ್ವಿ, ಬರ್ತೀನಿ ಅನ್ನಬೇಡ, ಹೋಗ್ತೀನಿ ಅನ್ನು ಅಂತ. ಇವನು ಎರಡೂ ಅನ್ನಲಿಲ್ಲ. ಅಲ್ಲೇ ನಿಂತ. 'ಸಾರ್, ಇವತ್ತೊಂದಿನ ಇಲ್ಲೇ ಇದ್ದು ನಾಳೆ ಹೋಗ್ಲಾ? ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ತಿಲ್ಲ' ಅಂದ."

"ನೀವೇನಂದ್ರಿ?"

"ನಕ್ಕೆ. ನಾವೆಲ್ಲ ನಕ್ವಿ. ಇದೇನು ನಿಮ್ಮ ಮಾವನ ಮನೇನಾ ಅಂದು ಗೇಟು ಹಾಕ್ದೆ. ಕಿಂಡಿಯಿಂದ ನೋಡ್ತಿದ್ದೆ. ಎದುರುಗಡೆ ಮರದ ಕೆಳಗೆ ಮಧ್ಯಾಹ್ನದವರೆಗೂ ನಿಂತೇ ಇದ್ದ. ನಾನು ಊಟಕ್ಕೆ ಹೋಗಿ ಬರೋ ಹೊತ್ತಿಗೆ ಇರ್ಲಿಲ್ಲ." ವಾರ್ಡರ್ ನೀರು ಕುಡಿದರು. "ಇಪ್ಪತ್ತನೇ ದಿನ ವಾಪಸ್ ಬಂದ. ಯಾವುದೋ ಅಂಗಡಿ ಗಾಜು ಒಡೆದು, ಏನೂ ಮುಟ್ಟದೆ, ಪೊಲೀಸ್ ಬರೋವರೆಗೂ ಅಲ್ಲೇ ಕೂತಿದ್ನಂತೆ. ಕಂಬಳಿ ಕೊಡ್ತಾ ಬಾಯಿಗೆ ಬಂದಂಗೆ ಬೈದೆ. ಅವನು ನಗ್ತಾ ಇದ್ದ ಕಣೆ. ಮನೆಗೆ ಬಂದೋನ ಥರ ನಗ್ತಾ ಇದ್ದ. ಮುಂದಿನ ವರ್ಷ ಒಳಗೇ ಸತ್ತ."

ಹೊರಗೆ ಯಾರೋ ಕೆಮ್ಮಿದರು. ಮಗಳು ಖಾಲಿ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದಳು.

"ಒಂದು ಮಾತು ಕೇಳಬಹುದಿತ್ತು ನಾನು. ಯಾರಿದಾರಪ್ಪ ನಿನಗೆ ಅಂತ. ಕೇಳಲಿಲ್ಲ. ನೀನು ಈ ಕೆಲಸಕ್ಕೆ ಸೇರಿದ್ರೆ ಒಂದಲ್ಲ ಒಂದು ದಿನ ಇಂಥದ್ದೆಲ್ಲ ನಿನ್ನ ಕಿವಿಗೆ ಬೀಳುತ್ತೆ, ನಮ್ಮಪ್ಪ ಇಂಥೋನಾ ಅನ್ಕೋತೀಯ ಅಂತ ಹೆದರಿಬಿಟ್ಟೆ. ಬೇರೆ ಏನೂ ಇಲ್ಲ."

"ಅವರ ಹೆಸರೇನು ಅಪ್ಪ?"

"ನಾನೂರ ಹನ್ನೆರಡು."

"ಅದು ನಂಬರು. ಹೆಸರು?"

ವಾರ್ಡರ್ ಬಾಯಿ ತೆರೆದರು. ಎಂಟು ವರ್ಷ ದಿನಕ್ಕೆರಡು ಸಲ ಕೂಗಿದ್ದು ನಂಬರನ್ನೇ. ಅವನ ಹುಬ್ಬಿನ ಮೇಲಿನ ಗಾಯ ನೆನಪಿತ್ತು, ನಡಿಗೆ ನೆನಪಿತ್ತು, ಆ ನಗು ನೆನಪಿತ್ತು. ಹಣೆ ಉಜ್ಜಿಕೊಂಡು ಹುಡುಕಿದರು, ಹುಡುಕುತ್ತಲೇ ಇದ್ದರು.

"ಗೊತ್ತಿಲ್ಲ ಕಣಮ್ಮ" ಎಂದರು. ಮಗಳ ಮುಂದೆ, ಆ ಸಣ್ಣ ಕೋಣೆಯಲ್ಲಿ, ಬಿಕ್ಕಿ ಬಿಕ್ಕಿ ಅತ್ತರು.

ಮಗಳು ಎದ್ದು ಬಂದು ಭುಜದ ಮೇಲೆ ಕೈ ಇಟ್ಟಳು. ಅವಳ ಕಣ್ಣೂ ತುಂಬಿತ್ತು. ಮೂಗು ಒರೆಸಿಕೊಂಡು ವಾರ್ಡರ್ ಅಂದರು, "ಆ ಕಾಗದ ವಾಪಸ್ ತಗೊಂಡುಬಿಡು."

"ಇದು ಆರ್ಡರಾ ಅಪ್ಪ?"

"ಅಲ್ಲ. ಅರ್ಜಿ." ಎದ್ದು ನಿಂತು ಅಂಗಿ ಎಳೆದು ಸರಿಮಾಡಿಕೊಂಡರು. "ಸಂಜೆ ಬೇಗ ಬಾ. ನಿಮ್ಮಮ್ಮನ್ನ ಊಟಕ್ಕೆ ಎಬ್ಬಿಸೋದು ನನ್ನೊಬ್ಬನ ಕೈಲಿ ಆಗಲ್ಲ."

ಜವಾನ ಬಾಗಿಲು ತಟ್ಟಿ, "ಮೇಡಂ, ಟೈಮಾಯ್ತು" ಎಂದ.

ವಾರ್ಡರ್ ಹೊರಗೆ ಬಂದರು. ಹಿಂದೆಯೇ ಬಂದ ಮಗಳು ಮುಂದಿನವರನ್ನು ಕರೆಯಲಿಲ್ಲ. ಮೊಗಸಾಲೆ ದಾಟಿ ಎದುರಿನ ಆಫೀಸರ ಕೋಣೆಗೆ ಹೋದಳು. ವಾರ್ಡರ್ ಮೆಟ್ಟಿಲ ಬಳಿ ಕಾದು ನಿಂತರು. ಒಳಗೆ ಯಾರೋ ಗೊಣಗಿದ್ದು ಕೇಳಿತು, ಆಮೇಲೆ ಯಾರೋ ನಕ್ಕದ್ದು. ಅವಳು ಹೊರಗೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು. ಅಪ್ಪನಿಗೆ ಕಾಣುವಂತೆ ಎತ್ತಿ ಹಿಡಿದು, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು. ಕಣ್ಣೊರೆಸಿಕೊಂಡು, ಪಟ್ಟಿ ನೋಡಿ, ಮುಂದಿನವರ ಹೆಸರು ಕರೆದಳು.

ವಾರ್ಡರ್ ಎರಡು ಮೆಟ್ಟಿಲು ಇಳಿದರು. ನಿಂತರು. ಮತ್ತೆ ಹತ್ತಿ ಬೆಂಚಿನ ಬಳಿ ಹೋದರು. ಅವರನ್ನು ನೋಡಿ ಗಡಿಯಾರ ಗಡಬಡಿಸಿ ಎದ್ದು, "ಏನಾಯ್ತು ಸಾರ್? ಮೇಡಂ ಏನಂದ್ರು?" ಎಂದ.

"ಕೂತ್ಕೊ, ಕೂತ್ಕೊ" ಎಂದು ವಾರ್ಡರ್ ಅವನ ಪಕ್ಕ ಕೂತರು.

"ಬೇಜಾರು ಮಾಡ್ಕೋಬೇಡ. ಐದು ವರ್ಷ ನೋಡಿದೀನಿ ನಿನ್ನ. ಏನಪ್ಪ ನಿನ್ನ ಹೆಸರು?"